ಬಾಗಿಲಿಗೆ ಎರಡು, ಕಿಟಕಿಗೆ ಒಂದು

ಸೈನ್ಯದಿಂದ ರಜೆಗೆ ಬಂದಾಗಲೆಲ್ಲ ಅವಳ ಗಂಡ ಒಂದೇ ರೀತಿ ತಟ್ಟುತ್ತಿದ್ದ. ಬಾಗಿಲಿಗೆ ಎರಡು ಸಲ. ತುಸು ತಡೆದು, ಪಕ್ಕದ ಕಿಟಕಿಯ ಚೌಕಟ್ಟಿಗೆ ಒಂದು ಸಲ. ಮಕ್ಕಳಿಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿಬಂದು, ಚಿಲಕ ತಾನು ತೆಗೆಯಬೇಕು ತಾನು ತೆಗೆಯಬೇಕು ಎಂದು ಕಿತ್ತಾಡುತ್ತಿದ್ದರು.

ಕೊನೆಗೆ ಅವನ ಶವಪೆಟ್ಟಿಗೆ ಮುಚ್ಚಿದ್ದಂತೆಯೇ ಬಂತು, ಮುಚ್ಚಿದ್ದಂತೆಯೇ ಮಣ್ಣಿಗೆ ಹೋಯಿತು. ಎಂಟು ವರ್ಷದ ಮಗಳಿಗೆ ಏನೋ ಅರ್ಥವಾಗಿತ್ತು, ಕೇಳಲಿಲ್ಲ. ನಾಲ್ಕರ ಮಗ ಕೇಳಿದಾಗ, ಅಪ್ಪನಿಗೆ ದೂರದ ಕೆಲಸ, ಬರುವುದು ತಡವಾಗುತ್ತದೆ ಎಂದು ಅವಳೇ ಹೇಳಿಬಿಟ್ಟಳು. ಆಮೇಲೆ ಆ ಮಾತನ್ನು ತಿದ್ದುವುದು ದಿನದಿಂದ ದಿನಕ್ಕೆ ಮುಂದೆ ಹೋಯಿತು.

ಊರಾಚೆಯ ದೊಡ್ಡ ಕೊಟ್ಟಿಗೆಯಲ್ಲಿ ಸಂಜೆ ಹಾಲು ಕರೆಯುವ ಕೆಲಸ ಸಿಕ್ಕಿತು. ಮಕ್ಕಳನ್ನು ಒಳಗೆ ಬಿಟ್ಟು ಹೋಗಬೇಕು. ಒಲೆ ಇರುವ ಮನೆ, ಬೆಂಕಿಗಿಂಕಿ ತಗುಲಿದರೆ ಓಡಲು ದಾರಿ ಬೇಕೆಂದು ಹೊರಗಿನಿಂದ ಬೀಗ ಹಾಕಲು ಮನಸ್ಸು ಬರಲಿಲ್ಲ. ಅಪ್ಪ ತಟ್ಟುವ ಹಾಗೆ ತಟ್ಟಿದರೆ ಮಾತ್ರ ಚಿಲಕ ತೆಗೆಯಿರಿ ಎಂದು ಮಗಳಿಗೆ ಹೇಳಿಟ್ಟಳು. ಮರಳಿದಾಗ ತಾನೂ ಹಾಗೆಯೇ ತಟ್ಟುತ್ತಿದ್ದಳು. ಆ ಸದ್ದಿಗೆ ಮಗನ ಮುಖ ಅರಳುವುದನ್ನು ನೋಡುವ ಆಸೆ ಒಂದು. ಅವನದೆನ್ನುವುದು ಮನೆಯಲ್ಲಿ ಇಷ್ಟಾದರೂ ಉಳಿದಿದೆಯೆಂಬ ಸಮಾಧಾನ ಇನ್ನೊಂದು. ಜೊತೆಯಲ್ಲಿ ಹಾಲು ಕರೆಯುವ, ಅದೇ ಓಣಿಯ ದೊಡ್ಡಮ್ಮ ಒಮ್ಮೆ ಕೊಟ್ಟಿಗೆಯಲ್ಲಿ ಎಲ್ಲರೆದುರೇ ಬಾಗಿಲಿಗೆ ಎರಡು, ಕಿಟಕಿಗೆ ಒಂದು ತಟ್ಟಿ ತೋರಿಸಿ ನಗೆಯಾಡಿದ್ದಳು. "ನಿನ್ನ ಗಂಡ ತಟ್ಟಿದ್ರೆ ನಾನೂ ಎದ್ದು ನಮ್ಮನೆ ಚಿಲಕ ತೆಗೀತಿದ್ದೆ ಕಣೇ. ಓಣಿಗೆಲ್ಲ ಪಾಠ ಆಗಿಹೋಗಿತ್ತು."

ಆಗ ಅವಳೂ ನಕ್ಕಿದ್ದಳು.

ಒಂದು ಸಂಜೆ ಮನೆಗೆ ಬಂದಾಗ ಮಗ ಬಿಸ್ಕತ್ತು ತಿನ್ನುತ್ತ ಕೂತಿದ್ದ. ಮನೆಯಲ್ಲಿ ಬಿಸ್ಕತ್ತು ಇರಲಿಲ್ಲ. ಮಗಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಬಾಯಿಬಿಟ್ಟಳು: ಅಪ್ಪನ ತಟ್ಟು ಕೇಳಿಸಿತು, ತಮ್ಮ ಓಡಿಹೋಗಿ ತೆಗೆದ, ಯಾರೋ ಮಾಮ. ಒಳಗೆ ಬಂದು ಮಂಚದ ಮೇಲೆ ಕೂತ. ಅಮ್ಮ ಎಷ್ಟು ಹೊತ್ತಿಗೆ ಬರ್ತಾಳೆ, ರಾತ್ರಿ ಮನೇಲಿ ಬೇರೆ ಯಾರಾದ್ರೂ ಇರ್ತಾರಾ ಎಂದು ಕೇಳಿದ.

"ನೀನೇನಂದೆ?"

"ನಾನು ಸುಮ್ನಿದ್ದೆ. ತಮ್ಮ ಎಲ್ಲಾ ಹೇಳ್ದ."

ಅವಳು ಮಗನ ಕೈಯಿಂದ ಬಿಸ್ಕತ್ತು ಕಿತ್ತುಕೊಂಡು ಒಲೆಗೆ ಹಾಕಿದಳು. ಮಗ ರಂಪ ಮಾಡಿದ.

ಮರುದಿನ ಅವಳು ಬಾಲ್ದಿಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಹಾಲು ಕರೆಯುತ್ತಿದ್ದಾಗ ಮೇವಿನ ಟ್ರ್ಯಾಕ್ಟರಿನವನು ಹುಲ್ಲಿನ ಹೊರೆ ಇಳಿಸಿ ಹತ್ತಿರ ನಿಂತ. ಸದ್ದಿಲ್ಲದೆ ನಡೆಯುವ, ಯಾರಿಗೂ ಎದುರಾಡದ ಮನುಷ್ಯ.

"ಚಿಕ್ಕವನ ಕಾಲು ವಾಸಿ ಆಯ್ತಾ ಅಕ್ಕಾ?"

ಮಗನ ಪಾದದ ಮೇಲೆ ಬಿಸಿನೀರು ಸಿಡಿದು, ಅವಳು ಬಟ್ಟೆ ಸುತ್ತಿದ್ದಳು. ಅಂದಿನಿಂದ ಹುಡುಗ ಹೊಸಿಲು ದಾಟಿರಲಿಲ್ಲ. ಅವಳು ಕೊಟ್ಟಿಗೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳ ಕೈ ಬಿಗಿಯಾಯಿತೇನೋ, ಹಸು ಕಾಲು ಝಾಡಿಸಿತು.

"ನೋಡಿ, ನೀವು ಹೆದರಿದ್ರೆ ಹಸುಗೂ ಗೊತ್ತಾಗುತ್ತೆ," ಎಂದು ಅವನು ಮೆಲ್ಲನೆ ನಕ್ಕು ಹೋದ.

ಅವಳು ಕೊಟ್ಟಿಗೆಯ ಮೇಸ್ತ್ರಿಯ ಬಳಿ ಹೋಗಿ ನಡೆದದ್ದನ್ನು ಹೇಳಿದಳು. ತಂದೆಯಿಲ್ಲದ ಮಕ್ಕಳೆಂದು ಕನಿಕರಪಟ್ಟಿರಬೇಕು, ಒಂದು ಬಿಸ್ಕತ್ತಿಗೆ ಇಷ್ಟೆಲ್ಲ ಯಾಕೆ ಎಂದು ಮೇಸ್ತ್ರಿ ಹಲ್ಲುಕಡ್ಡಿ ಆಡಿಸಿದ. ಹಾಗಾದರೆ ಮಕ್ಕಳನ್ನು ಇಲ್ಲಿಗೇ ಕರೆತರುತ್ತೇನೆ ಎಂದಳು. ದನಗಳ ಕಾಲಡಿ ಸಿಕ್ಕರೆ ತನ್ನ ತಲೆಗೆ ಬರುತ್ತದೆ, ಬೇಕಾದರೆ ಕೆಲಸ ಬಿಡು ಎಂದ. ಬಿಟ್ಟರೆ ಒಲೆ ಹೊತ್ತುವುದು ಹೇಗೆಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮಾತು ಎಲ್ಲಿಂದ ಎತ್ತಬೇಕೋ ತಿಳಿಯದೆ ಪಾದದ ಬಟ್ಟೆ ಬಿಚ್ಚಿ ಮತ್ತೆ ಸುತ್ತಿದಳು.

"ಅಪ್ಪ ಸತ್ತುಹೋದ್ರು ಮಗಾ. ಇನ್ನು ಬರಲ್ಲ. ಬಾಗಿಲು ತಟ್ಟಲ್ಲ."

"ಮತ್ತೆ ನಿನ್ನೆ ತಟ್ಟಿದ್ದು?"

"ಅದು ಅಪ್ಪ ಅಲ್ಲ. ಇಷ್ಟು ದಿನ ತಟ್ಟಿದ್ದೂ ಅಪ್ಪ ಅಲ್ಲ, ನಾನು."

ಮಗ ಅವಳ ಕೈಯನ್ನೇ ನೋಡಿದ, ಅದೇನೋ ಕದ್ದ ಕೈಯೆಂಬಂತೆ. ಆಮೇಲೆ ತೊಡೆಯಿಂದ ಇಳಿದು ಅಕ್ಕನ ಹತ್ತಿರ ಹೋಗಿ ಕೂತ. ಅವಳು ಇಬ್ಬರಿಗೂ ಹೊಸ ಕಟ್ಟಳೆ ಹೇಳಿದಳು: ಯಾರು ಹೇಗೆ ತಟ್ಟಿದರೂ, ಯಾವ ದನಿಯಲ್ಲಿ ಕೂಗಿದರೂ ತೆಗೆಯಬಾರದು. ಕಿಟಕಿಯಲ್ಲಿ ತನ್ನ ಮುಖ ಕಂಡರೆ ಮಾತ್ರ.

ಮಾರನೆಯ ಸಂಜೆ ಅವಳು ಖಾಲಿ ಬಾಲ್ದಿ ಹಿಡಿದುಕೊಂಡೇ ಮಾಮೂಲಿಗಿಂತ ಬೇಗ ಮನೆಗೆ ಹೊರಟಳು. ಟ್ರ್ಯಾಕ್ಟರು ಆಗಲೇ ಕೊಟ್ಟಿಗೆಯಲ್ಲಿರಲಿಲ್ಲ. ಓಣಿ ಬರಿದಾಗಿತ್ತು, ಕತ್ತಲು ಇನ್ನೂ ಇಳಿದಿರಲಿಲ್ಲ, ದೀಪಗಳೂ ಹತ್ತಿರಲಿಲ್ಲ. ಪರೀಕ್ಷೆ ಮಾಡದೆ ಅವಳಿಗೆ ನೆಮ್ಮದಿಯಿರಲಿಲ್ಲ. ಬಾಗಿಲಿಗೆ ಎರಡು ಸಲ ತಟ್ಟಿ, ತಡೆದು, ಚೌಕಟ್ಟಿಗೆ ಒಂದು ಸಲ ತಟ್ಟಿದಳು.

ಒಳಗೆ ಪುಟ್ಟ ಹೆಜ್ಜೆ ಧಡಧಡ ಓಡಿಬಂತು. ಅದರ ಹಿಂದೆಯೇ ಇನ್ನೊಂದು.

"ಅಪ್ಪ ಬಂದ್ರು, ಬಿಡೇ, ತೆಗಿಯೇ."

"ಅಪ್ಪ ಅಲ್ಲ ಕಣೋ." ಮಗಳ ದನಿ ನಡುಗುತ್ತಿತ್ತು. "ಅಪ್ಪ ಬರಲ್ಲ ಅಂತ ಅಮ್ಮ ಹೇಳಿಲ್ವಾ?"

ಎಳೆದಾಟ ನಡೆಯಿತು. ಚಿಲಕ ಕದಲಲಿಲ್ಲ. ಮಗ ಅಳತೊಡಗಿದ. ಅವಳು ಬಾಗಿಲಿಗೆ ಹಣೆ ಒತ್ತಿ ನಿಂತಳು. ಬಾಗಿಲು ಗೆದ್ದಿತ್ತು, ಸಾಕು.

ಕಿಟಕಿಗೆ ಹೋಗಿ ಮುಖ ತೋರಿಸಿದಳು. ಒಳಗಿನಿಂದ ಮಗಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. ಗುರುತು ಹಿಡಿದಳು. ಆದರೂ ಚಿಲಕದತ್ತ ಹೋಗಲಿಲ್ಲ. ಅವಳ ಕಣ್ಣು ತಾಯಿಯ ಭುಜ ದಾಟಿ ಹಿಂದೆಲ್ಲೋ ನೆಟ್ಟಿತ್ತು.

"ಅಮ್ಮಾ, ನಿನ್ನ ಹಿಂದೆ ಆ ಮಾಮ ನಿಂತಿದಾನೆ."

"ಹಾಗಾದ್ರೆ ತೆಗೀಬೇಡ," ಎಂದಳು. ಖಾಲಿ ಬಾಲ್ದಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ತಿರುಗಿದಳು.