ಚಿಕ್ಕಮ್ಮ ಕಟ್ಟಿದ ಕೇಬಲ್

"ಕೈಗೇನು ಲಕ್ವಾ ಹೊಡೆದಿದ್ಯೇನ್ರೇ ಮುಂಡೇರಾ? ಒಂದು ರೂಮಾದ್ರೂ ಪಾಸಾಗ್ಬೇಡ್ವಾ?"

ಇಂಜಿನಿಯರನ ಕೂಗು ಫಾಲ್ಸ್ ಸೀಲಿಂಗಿನ ತೂತಿನಿಂದ ಮೇಲೆ ಬಂತು. ನಾನು ಕಬ್ಬಿಣದ ಪಟ್ಟಿಯ ಮೇಲೆ ಹೊಟ್ಟೆಯೂರಿ ಮಲಗಿದ್ದೆ. ತೆಳ್ಳಗಿದ್ದೇನೆಂದು ಸೈಟಿನಲ್ಲಿ ನನಗೆ ಹಲ್ಲಿ ಎಂದೇ ಹೆಸರು. ಮೂಗಿನ ಮುಂದೆ ನಾನೇ ಎಳೆದ ನೀಲಿ ಕೇಬಲ್‌ಗಳ ಕಟ್ಟು. ಕೆಳಗೆ ಸೂಪರ್‌ವೈಸರ್ ಕೇಬಲ್ ಪರೀಕ್ಷಿಸುವ ಟೆಸ್ಟರ್ ಹಿಡಿದು ನಿಂತಿದ್ದ. ಅದರ ಪರದೆಯಲ್ಲಿ ಮತ್ತೆ ಕೆಂಪು, ಫೇಲು. ಸೂಪರ್‌ವೈಸರ್ ಎಂದರೆ ನನ್ನ ಒಡಹುಟ್ಟಿದ ಅಣ್ಣ.

"ಯಾರೋ ಹೀಗೆ ಕಟ್ಟಿದ್ದು? ಕೇಬಲ್ ಕತ್ತು ಹಿಸುಕಿ ಹಾಕಿದಾರೆ. ಒಳಗಿರೋ ಎಳೆ ಎಲ್ಲಾ ಅಪ್ಪಚ್ಚಿ. ಡೇಟಾನ ನಿಮ್ಮಪ್ಪ ತಲೆ ಮೇಲೆ ಹೊತ್ಕೊಂಡು ಹೋಗ್ತಾನಾ?" ಎಂದ ಇಂಜಿನಿಯರ್.

ಹಾಗೆ ಕಟ್ಟಿಸಿದ್ದು ತಾನೇ ಎಂದು ಅಣ್ಣ ಹೇಳುತ್ತಾನೇನೋ ಎಂದು ಕಾದೆ. ಇದೇ ಏಣಿಯ ಕೆಳಗೆ ನಿಂತು ಟಾರ್ಚ್ ಬಿಟ್ಟವನು ಅವನೇ. "ಬಿಗಿ. ಇನ್ನೂ ಬಿಗಿ. ಜಡೆ ಹೆಣೆದಂಗೆ ಕಾಣ್ಬೇಕು, ಸಾಹೇಬ್ರು ಫೋಟೋ ತೆಗೀತಾರೆ" ಎಂದಿದ್ದ. ಪ್ಲಾಸ್ಟಿಕ್ ಟೈಗಳನ್ನು ಪಕ್ಕಡಿನಲ್ಲಿ ಎಳೆದೆಳೆದು ನನ್ನ ಅಂಗೈ ಸೀಳಿತ್ತು.

ಅಣ್ಣ ಗಂಟಲು ಸರಿಮಾಡಿಕೊಂಡ.

"ಹೆಂಗಸ್ರು ಸರ್. ಎಷ್ಟು ಬಡ್ಕೊಂಡ್ರೂ ತಲೇಗೆ ಹೋಗಲ್ಲ."



ಮಧ್ಯಾಹ್ನದವರೆಗೆ ನಾನೂ ಚಿಕ್ಕಮ್ಮನೂ ಟೈ ಕತ್ತರಿಸಿದೆವು. ಅವ್ವ ಸತ್ತ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳು. ಅಣ್ಣನನ್ನು ಮೊದಲು ಸೈಟಿಗೆ ಕರೆತಂದು, ಉರುಳೆಯಿಂದ ಕೇಬಲ್ ಬಿಡುವುದನ್ನು ಕಲಿಸಿದವಳೂ ಅವಳೇ. ಕಟ್ಟು ಸಡಿಲವಾದರೂ ಕೇಬಲ್‌ಗಳ ಮೈಮೇಲೆ ಟೈ ಕಚ್ಚಿದ ಗುಳಿಗಳು ಹಾಗೇ ಇದ್ದವು. ಚಿಕ್ಕಮ್ಮ ಒಂದನ್ನು ಹೆಬ್ಬೆರಳಿನಿಂದ ತೀಡಿದಳು.

"ನನ್ ಸೊಂಟದ ಮೇಲಿರೋ ಲಂಗದ ಲಾಡಿ ಗುರುತೇ ಇಷ್ಟು ವರ್ಷಕ್ಕೂ ಹೋಗಿಲ್ಲ. ಇದು ಹೋಗುತ್ತೇನೇ?"

ನಾನು ನಕ್ಕೆ. ಧೂಳು ಬಾಯಿಗೆ ಬಂತು.

ಮತ್ತೆ ಟೆಸ್ಟ್ ಮಾಡಿದರು. ಇಡೀ ಮಹಡಿಯಲ್ಲಿ ಹಸಿರು ಬಂದದ್ದು ಒಂದೇ ಕೇಬಲ್ಲಿಗೆ, ಕಾರಿಡಾರಿನ ತುದಿಯ ಸಾಮಾನು ಕೋಣೆಯದಕ್ಕೆ. ಅದನ್ನು ಕಟ್ಟಿದವಳು ಚಿಕ್ಕಮ್ಮ. ಅವಳ ಬೆರಳ ಗಂಟುಗಳು ಊದಿಕೊಂಡಿವೆ, ಬಿಗಿಯಲಾಗುವುದಿಲ್ಲ. "ಇದೇನಿದು ಸತ್ತ ಹಾವಿನಂಗೆ ಜೋತಾಡ್ತಿದೆ, ಮುದುಕಿ ಕೈಲಿ ಕೆಲಸ ಮಾಡ್ಸಿದ್ರೆ ಇಷ್ಟೇ" ಎಂದು ಅಣ್ಣ ಅವತ್ತು ಎಲ್ಲರ ಮುಂದೆ ಬೈದಿದ್ದ.

ಟೀ ಹೊತ್ತಿಗೆ ಅಣ್ಣ ಎರಡು ಲೋಟ ಹಿಡಿದು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಸೂಪರ್‌ವೈಸರ್ ಆದ ಮೇಲೆ ಅವನು ಹಾಗೆ ಕೂತದ್ದು ಅದೇ ಮೊದಲು.

"ಕೇಬಲ್ ಬದಲಾಯಿಸಲ್ಲ ಅಂತಿದಾನೆ ಕಂಟ್ರಾಕ್ಟರು. ಸಂಜೆಯೊಳಗೆ ಎಲ್ಲಾ ರೂಮೂ ಹಸಿರು ತೋರಿಸ್ಬೇಕು. ನೀನು ಸಾಮಾನು ಕೋಣೇಲಿ ಕೂತ್ಕೋ. ಟೆಸ್ಟರಿನ ಆ ಕಡೆ ಪೆಟ್ಟಿಗೆನ ಅದೇ ಸಾಕೆಟ್ಟಲ್ಲಿ ಇಟ್ಟಿರು, ತೆಗೀಬೇಡ. ನಾನು ಈ ಕಡೆ ಅದೇ ಕೇಬಲ್ಲನ್ನ ಮತ್ತೆ ಮತ್ತೆ ಟೆಸ್ಟ್ ಮಾಡಿ, ಪರದೇಲಿ ಬರೀ ರೂಮ್ ಹೆಸರು ಬದಲಾಯಿಸ್ತಾ ಹೋಗ್ತೀನಿ. ಇಂಜಿನಿಯರು ಪರದೆ ಬಿಟ್ಟು ಬೇರೇನೂ ನೋಡಲ್ಲ."

ನಾನು ಟೀ ಊದಿದೆ.

"ಇನ್ನೊಂದ್ ವಿಷಯ. ಬೆಳಿಗ್ಗೆ ಫೇಲಾಗಿದ್ದಕ್ಕೆ ಒಬ್ರ ಗೇಟ್ ಕಾರ್ಡು ಕಿತ್ಕೊಂಡು ಹೊರಗೆ ಹಾಕ್ಲೇಬೇಕಂತೆ. ನಿನ್ ಕಾರ್ಡನ್ನೇ ಕೇಳಿದ್ರು. ನಾನು ಚಿಕ್ಕಮ್ಮ ಕಟ್ಟಿದ್ದು ಅಂದೆ."

"ಅವಳು ಕಟ್ಟಿದ್ದೊಂದೇ ನೆಟ್ಟಗಿರೋದು."

"ಗೊತ್ತು ಕಣೇ."

"ಒಂದ್ ಸಲ ಕಾರ್ಡು ಹೋದ್ರೆ ಯಾವ ಸೈಟಲ್ಲೂ ಒಳಗೆ ಬಿಡಲ್ಲ ಅವಳನ್ನ."

"ವಯಸ್ಸಾಯ್ತು ಬಿಡು. ಮನೇಲಿ ಕೂತ್ಕೊಳ್ಲಿ. ನಿನ್ ಉಳಿಸಿದೀನಿ, ಅದು ನೋಡು."

ಅವನು ಎದ್ದು ಮೊಣಕಾಲಿನ ಧೂಳು ಕೊಡವಿದ. ಟೀ ಕೆನೆಗಟ್ಟಿತ್ತು.

ಸಾಮಾನು ಕೋಣೆಯಲ್ಲಿ ಸೀಲಿಂಗಿನ ಹಲಗೆ ಇನ್ನೂ ಹಾಕಿರಲಿಲ್ಲ. ಚಿಕ್ಕಮ್ಮನ ಕೇಬಲ್ ಮೇಲಿಂದ ಜೋಲುತ್ತ ಬಂದು ಸಾಕೆಟ್ ಸೇರಿತ್ತು. ಪೆಟ್ಟಿಗೆ ಸಿಕ್ಕಿಸಿ, ಅಣ್ಣನಿಗೆ ಕರೆಮಾಡಿದ ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅಣ್ಣ ಒಂದೊಂದೇ ರೂಮಿನ ಹೆಸರು ಹೇಳುತ್ತಿದ್ದ. ಪ್ರತಿ ಸಲ ಪೆಟ್ಟಿಗೆ ಹಸಿರು ಮಿನುಗಿತು. "ನೋಡ್ದಾ, ಬೈದ್ರೆ ಹೇಗೆ ಕೆಲಸ ಆಗುತ್ತೆ" ಎಂದ ಇಂಜಿನಿಯರ್. ಅಣ್ಣ ನಕ್ಕದ್ದು ಕೇಳಿಸಿತು.

ಕಿಟಕಿಯಿಂದ ಗೇಟು ಕಾಣುತ್ತಿತ್ತು. ವಾಚ್‌ಮನ್ ಚಿಕ್ಕಮ್ಮನ ಕೊರಳಿಗೆ ಕೈಹಾಕಿ ಕಾರ್ಡಿನ ದಾರ ಎಳೆದ. ದಾರ ಕಿವಿಗೆ ಸಿಕ್ಕಿಕೊಂಡಿತು. ಅವಳು ತಾನೇ ತಲೆ ಬಗ್ಗಿಸಿ ಬಿಡಿಸಿಕೊಟ್ಟಳು. ಊಟದ ಡಬ್ಬಿ ಎದೆಗವುಚಿಕೊಂಡು ಮೇಲೆ ನೋಡಿದಳು, ಒಂದೊಂದೇ ಕಿಟಕಿ, ನನ್ನನ್ನೋ ಅಣ್ಣನನ್ನೋ ಹುಡುಕುತ್ತ.

ನಾನು ಚಿಕ್ಕಮ್ಮನ ಕೇಬಲ್ ಹಿಡಿದೆ. ನಡು ಮುರಿಯುವಂತೆ ಮಡಚಿದೆ. ಮಡಿಕೆಗೆ ಟೈ ಸುತ್ತಿ ಪಕ್ಕಡಿನಿಂದ ಎಳೆದೆ. ಇನ್ನೊಂದು ಸುತ್ತಿ ಎಳೆದೆ. ಅಂಗೈಯ ಗಾಯ ಬಿಚ್ಚಿಕೊಂಡಿತು.

ಪೆಟ್ಟಿಗೆಯಲ್ಲಿ ಕೆಂಪು.

"ಸರ್, ಒಂದ್ನಿಮಿಷ," ಎಂದ ಅಣ್ಣ.

"ಇದು ಹೋಯ್ತಾ? ಮುಂದಿಂದು ನೋಡು."

ಕೆಂಪು. ಅದರ ಮುಂದಿನದು. ಅದೂ ಕೆಂಪು.

"ಏನೋ ಇದು ಬೋಳಿಮಗನೇ? ಆಗ ಹಸಿರು ಬಂದಿದ್ನೂ ಇನ್ನೊಂದ್ಸಲ ಹಾಕು. ನಾನ್ ನೋಡ್ತಾ ಇರ್ತೀನಿ, ಹಾಕು."

ಫೋನಿನಲ್ಲಿ ಅಣ್ಣನ ಉಸಿರು ಹತ್ತಿರ ಬಂತು.

"ಏನ್ ಮಾಡ್ದೇ ನೀನು?"

"ನೀನ್ ಹೇಳ್ಕೊಟ್ಟಂಗೆ ಬಿಗಿಯಾಗಿ ಕಟ್ಟಿದೀನಣ್ಣ," ಎಂದೆ. "ಜಡೆ ಹೆಣೆದಂಗೆ ಕಾಣ್ತಿದೆ. ಸಾಹೇಬ್ರನ್ನ ಕರ್ಕೊಂಡ್ ಬಾ, ಫೋಟೋ ತಗೊಳ್ಲಿ."

ಕೊರಳಿನ ಕಾರ್ಡು ತೆಗೆದು ಆ ಮಡಿಕೆಗೆ ನೇತುಹಾಕಿದೆ. ಕಿಟಕಿಗೆ ಬಂದಾಗ ಗೇಟಿನ ಬಳಿ ಚಿಕ್ಕಮ್ಮ ಇರಲಿಲ್ಲ. ಕಾರಿಡಾರಿನಲ್ಲಿ ಬೂಟಿನ ಸದ್ದು ಕೇಳತೊಡಗಿತು. ನಾನು ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ.