ಮಡಿಯ ದಾರಿಗೆ ಹಾಸಿದ ಕಾರ್ಪೆಟ್

ನಡೆಯಲೆಂದು ಮಾಡಿದ ನೆಲವನ್ನು ಬರಿಯ ನೋಟಕ್ಕಾಗಿ ಮುಚ್ಚಿದವರಲ್ಲಿ ನೀವೂ ಒಬ್ಬರಲ್ಲವೆ? ಅಲ್ಲವೆಂದು ತಲೆಯಾಡಿಸುವ ಮೊದಲು ಅಂಬಲಪಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಡೆದುದನ್ನು ಕೇಳಿ.

ಆ ಮನೆಯ ಹಿರಿಯರು ನಳಿನಾಕ್ಷಿಯಮ್ಮ. ವಯಸ್ಸು ಎಪ್ಪತ್ತೆಂಟು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅಡುಗೆಮನೆಯನ್ನು ಬಿಟ್ಟುಕೊಟ್ಟರು, ಹೂವಿನ ಗಿಡಗಳನ್ನೂ ಬಿಟ್ಟುಕೊಟ್ಟರು. ಒಂದನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಮಿಂದು, ಮಡಿಯುಟ್ಟು, ಯಾರ ಕೈಯನ್ನೂ ಹಿಡಿಯದೆ ಚಾವಡಿಯನ್ನು ದಾಟಿ, ದೇವರ ಕೋಣೆಯಲ್ಲಿ ತಾವೇ ದೀಪ ಹಚ್ಚುವುದು. ಆ ನಡಿಗೆ ಇರುವವರೆಗೆ ತಾನು ಈ ಮನೆಯ ಯಜಮಾನಿ ಎಂಬ ಧೈರ್ಯ ಅವರಿಗಿತ್ತು.

ಸೊಸೆ ವಿಭಾ ಒಳ್ಳೆಯವಳು. ನನ್ನ ಸಂಕಟವೇ ಅದು. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು. ಕಳೆದ ವರ್ಷ ಅವಳಿಗೆ ಚಾವಡಿಯ ಕೆಂಪು ನೆಲ ಬೋಳಾಗಿ ಕಾಣತೊಡಗಿತು. ಗೋಡೆಯಿಂದ ಹೆಚ್ಚುಕಡಿಮೆ ಗೋಡೆಯವರೆಗೆ ದೊಡ್ಡದೊಂದು ಹತ್ತಿಯ ಜಮಖಾನ ಬಂದಿತು. ಅದರ ಮೇಲೆ ಬಣ್ಣದ ಕಾರ್ಪೆಟ್, ಅದರ ಮೂಲೆಯ ಮೇಲೆ ಇನ್ನೊಂದು.

"ಒಂದರ ಮೇಲೊಂದು ಎಂತಕ್ಕೆ? ಚಳಿಯಾ?" ಎಂದು ಕೇಳಿದೆ.

"ಇದು ಲೇಯರಿಂಗ್, ಮಾಸ್ಟ್ರೇ. ಈಗ ಎಲ್ಲ ಕಡೆ ಹೀಗೇ ಉಂಟು."

ಮರುದಿನವೇ ತೊಡಕು ಬಂದಿತು. ಮಡಿಯಲ್ಲಿರುವವರು ಹತ್ತಿಯ ಬಟ್ಟೆಯನ್ನು ತುಳಿದರೆ ಮೈಲಿಗೆ. ಉಣ್ಣೆಗೆ ಆ ದೋಷವಿಲ್ಲ. ನಳಿನಾಕ್ಷಿಯಮ್ಮ ಗೋಡೆಗೆ ಅಂಟಿಕೊಂಡು, ಉಳಿದಿದ್ದ ಒಂದು ಗೇಣು ಬರಿನೆಲದಲ್ಲಿ ಅಡ್ಡಡ್ಡ ನಡೆದರು. ಮಗ ನಂದನ ನನ್ನನ್ನು ಕರೆದು, "ಮಾಸ್ಟ್ರೇ, ಉಣ್ಣೆಗೆ ಮೈಲಿಗೆ ಇಲ್ಲ ಅಲ್ವಾ?" ಎಂದು ಕೇಳಿದ.

"ಇಲ್ಲ" ಎಂದೆ. ಮೂವತ್ತು ವರ್ಷ ಪಾಠ ಹೇಳಿದವನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸಿ ಮನೆಗೆ ಬಂದೆ. ಮುದುಕಿಯ ಕಾಲಿನ ಬಗ್ಗೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಾರದೊಳಗೆ ಜಮಖಾನದ ಮೇಲೆ ಬಚ್ಚಲಿನಿಂದ ದೇವರ ಕೋಣೆಯವರೆಗೆ ಉಣ್ಣೆಯದೆಂದು ತರಿಸಿದ ನಾಲ್ಕು ಸಣ್ಣ ಕಾರ್ಪೆಟ್‌ಗಳು ಬಿದ್ದವು. ಮಡಿಗೂ ಭಂಗವಿಲ್ಲ, ಅಂದಕ್ಕೂ ಕೊರತೆಯಿಲ್ಲ ಎಂದು ಎಲ್ಲರಿಗೂ ಸಂತೋಷ.

"ಇದೆಂತ ವಿಭಾ, ಕಲ್ಲಿನ ಮೇಲೆ ಕಾಲಿಟ್ಟು ತೋಡು ದಾಟಿದ ಹಾಗೆ!" ಎಂದರು ನಳಿನಾಕ್ಷಿಯಮ್ಮ.

"ಅಭ್ಯಾಸ ಆಗ್ತದೆ ಅತ್ತೆ. ಬಂದವರೆಲ್ಲ ಎಷ್ಟು ಹೊಗಳ್ತಾರೆ!"

ಹೊಗಳಿದ್ದು ನಿಜ. ಕಾರ್ಕಳದಿಂದ ಬಂದ ನೆಂಟರು ಫೋಟೋ ತೆಗೆದುಕೊಂಡರು. ಕಾಪುವಿನವರು ಅಂಗಡಿಯ ವಿಳಾಸ ಬರೆದುಕೊಂಡರು. ಎಲ್ಲರೂ ಚಂದ ಉಂಟು ಎಂದರು. ಅಮ್ಮ ಇದನ್ನು ಹೇಗೆ ದಾಟುತ್ತಾರೆ ಎಂದು ಒಬ್ಬರಾದರೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಪಂಚಾಂಗ ಕೇಳಲು ಹೋಗಿದ್ದೆ. ನಳಿನಾಕ್ಷಿಯಮ್ಮ ಒದ್ದೆ ಸೀರೆಯಲ್ಲಿ ಎರಡನೆಯ ಕಾರ್ಪೆಟ್ಟಿನ ಮೇಲಿದ್ದರು. ಆ ನಾಲ್ಕರಲ್ಲಿ ಬಾಗಿಲ ಬಳಿಯದರ ಅಂಚು ಮಗುಚಿಕೊಂಡಿತ್ತು. ಅದರ ಚೀಟಿ ಕಂಡಿತು. ಓದುವ ಚಪಲ ನನ್ನದು. ಗಟ್ಟಿಯಾಗಿ ಓದಿದೆ: "ನೂರಕ್ಕೆ ನೂರು ಪಾಲಿಯೆಸ್ಟರ್."

"ಎಂತ? ಉಣ್ಣೆ ಅಲ್ವಾ?" ನಂದನ ಗಾಬರಿಯಾದ.

"ಅಂಗಡಿಯವನು ಉಣ್ಣೆ ಅಂತಲೇ ಹೇಳಿದ್ದು," ಎಂದಳು ವಿಭಾ.

"ಪಾಲಿಯೆಸ್ಟರ್ ಹತ್ತಿ ಅಲ್ಲವಲ್ಲ, ನಡೀತದೆ," ಎಂದ ನಂದನ.

"ಉಣ್ಣೆಯೂ ಅಲ್ಲವಲ್ಲ ಮಾರಾಯ್ರೇ!" ಎಂದ ವಿಭಾ ನನ್ನತ್ತ ತಿರುಗಿದಳು. "ಮಾಸ್ಟ್ರೇ, ನೀವು ಹೇಳಿ."

ನಾನು ಹೇಳತೊಡಗಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು: ಯಂತ್ರದ ನೂಲಿನ ವಿಷಯ ಹಿಂದಿನವರು ಹೇಳಿರಲಾರರು ಎಂದು ಪೀಠಿಕೆ ಹಾಕಿದೆ. ನಳಿನಾಕ್ಷಿಯಮ್ಮ ನಡುವೆ ನಿಂತೇ ಇದ್ದರು.

"ನಿಮ್ಮ ಚರ್ಚೆ ಮುಗಿಯುವಾಗ ನನಗೆ ಎಂಬತ್ತಾಗ್ತದೆ," ಎಂದು ಹೇಳಿ, ಮೈಲಿಗೆಯಾಗಬಾರದೆಂದು ಗೋಡೆಯಂಚಿನ ಬರಿನೆಲದತ್ತ ಒಂದು ಕಾಲು ಚಾಚಿದರು. ಇನ್ನೊಂದು ಕಾಲಿನಡಿಯ ಕಾರ್ಪೆಟ್ ಜಮಖಾನದ ಮೇಲೆ ಜಾರಿಹೋಯಿತು.

ಬಿದ್ದರು. ಎಡಗೈಯ ಮಣಿಕಟ್ಟು ಮುರಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಆರು ವಾರದಲ್ಲಿ ಕೂಡಿಕೊಳ್ಳುತ್ತದೆ, ಕಾಲಿಗೆ ಏನೂ ಆಗಿಲ್ಲ, ನಡೆಯಬಹುದು ಎಂದರು ವೈದ್ಯರು.

ಆದರೆ ಈಗ ಅವರನ್ನು ನಡೆಯಲು ಬಿಡುವವರು ಯಾರು? ದೀಪವನ್ನು ವಿಭಾ ಹಚ್ಚುತ್ತಾಳೆ. "ನೀವು ಏಳಬೇಡಿ ಅತ್ತೆ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಕಾರ್ಪೆಟ್‌ಗಳು ಮಾತ್ರ ಇದ್ದಲ್ಲಿಯೇ ಇವೆ. ಜಾರದಂತೆ ಕೆಳಗೆ ಹಾಕಲು ರಬ್ಬರ್ ಹಾಳೆ ತರಿಸಿದ್ದೇನೆ ಎಂದು ನಂದನ ನನಗೆ ತೋರಿಸಿದ. ಒಂದು ಪದರ ತೆಗೆಯಿರೆಂದರೆ ಮತ್ತೊಂದು ಪದರ ತರುವ ಬುದ್ಧಿಗೆ ನಾನು ಯಾವ ಶಾಲೆಯಲ್ಲಿ ಪಾಠ ಹೇಳಲಿ?

"ತೆಗೆದುಬಿಡು ಮಾರಾಯ," ಎಂದು ಬೇಡಿಕೊಂಡೆ.

"ಬಂದವರೆಲ್ಲ ಇಷ್ಟಪಡ್ತಾರೆ ಮಾಸ್ಟ್ರೇ. ನೀವೊಬ್ಬರೇ..."

ಮೂಲೆಯ ಕುರ್ಚಿಯಿಂದ ನಳಿನಾಕ್ಷಿಯಮ್ಮ ಹೇಳಿದರು: "ನನಗೆ ಮಡಿಯೂ ಬೇಡ ಅಂತ ಹೇಳಿಯಾಯ್ತು ಇವರಿಗೆ. ನೆಲ ಕೊಟ್ಟರೆ ಸಾಕು."

ಎಪ್ಪತ್ತು ವರ್ಷ ಕಾಪಾಡಿದ ಮಡಿಯನ್ನು ಹತ್ತು ಹೆಜ್ಜೆ ನಡೆಯುವುದಕ್ಕಾಗಿ ಬಿಡಲು ಒಪ್ಪಿದ ಹೆಂಗಸು ಅವರು. ಮನೆಯವರಿಗೆ ಅದು ಕೇಳಿಸುತ್ತಿಲ್ಲ; ಬಂದವರ ಹೊಗಳಿಕೆ ಕೇಳಿಸುತ್ತದೆ. ಆದ್ದರಿಂದ ಬಂದವರಾದ ನಿಮ್ಮನ್ನೇ ಕೇಳುತ್ತೇನೆ. ಇಂಥ ಮನೆಗೆ ನೀವು ಹೋದಾಗ, ದಯವಿಟ್ಟು ಚಂದ ಉಂಟು ಎನ್ನಬೇಡಿ. ಕುಳಿತುಕೊಳ್ಳುವ ಮೊದಲು ಬಗ್ಗಿ, ದಾರಿಗೆ ಅಡ್ಡವಾದುದನ್ನು ನಿಮ್ಮ ಕೈಯಿಂದಲೇ ಸುತ್ತಿ ಮೂಲೆಗಿಡಿ.