ಇಂದೋರಿನಲ್ಲಿ ಕೇರಳ, ಕೇರಳದಲ್ಲಿ ಇಂದೋರ್

ರಘೂತ್ತಮನ್ ಇಂದೋರಿನ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರರಾಗಿದ್ದರು. ಆ ಮೂವತ್ತೆರಡು ವರ್ಷವೂ ಅವರು ಬದುಕಿದ್ದು ಕೇರಳದಲ್ಲೇ. ದೇಹ ಮಾತ್ರ ಇಂದೋರಿನಲ್ಲಿತ್ತು. ನಲ್ಲಿ ಸೋರಿದರೆ, “ನಮ್ಮ ಕೇರಳದಲ್ಲಿ ಹೀಗಿಲ್ಲ.” ಪಕ್ಕದ ಮನೆ ಹುಡುಗ ನಪಾಸಾದರೆ, “ನಮ್ಮ ಕೇರಳದಲ್ಲಿ ತೆಂಗಿನಮರ ಹತ್ತುವವನೂ ದಿನಾ ಎರಡು ಪತ್ರಿಕೆ ಓದ್ತಾನೆ.” ಯಾರಾದರೂ ಸತ್ತರೆ, “ನಮ್ಮ ಕೇರಳದ ಆಸ್ಪತ್ರೆಯಾಗಿದ್ರೆ ಉಳ್ಕೋತಿದ್ರು.” ಈ ಕೊನೆಯದನ್ನು ಒಮ್ಮೆ ಸ್ಮಶಾನದಲ್ಲೇ ಹೇಳಿ ಒದೆ ತಿನ್ನುವುದರಲ್ಲಿದ್ದರು. ಇದನ್ನೆಲ್ಲ ತಾಳ್ಮೆಯಿಂದ ಕೇಳಿದವರು ಮೇಲಿನ ಮನೆಯ ಕೈಲಾಶ್ ಚೌರಾಸಿಯಾ ಒಬ್ಬರೇ. ಸಂಜೆ ಸೇವು ಮೆಲ್ಲುತ್ತ ಕೂತು, “ಹೌದಾ ಮಾಸ್ಟರ್‌ಜಿ? ಅಷ್ಟು ಚೆನ್ನಾಗಿದೆಯಾ?” ಎನ್ನುತ್ತಿದ್ದರು.

ನಿವೃತ್ತರಾಗಿ ಕೇರಳದ ಇರಿಂಜಾಲಕುಡಕ್ಕೆ ಬಂದು ಮನೆ ಹಿಡಿದರು ನೋಡಿ, ರಘೂತ್ತಮನ್ ಎಂಟೇ ತಿಂಗಳಲ್ಲಿ ಇಂದೋರಿಗೆ ಹೊರಟುಹೋದರು. ಈ ಸಲವೂ ದೇಹ ಮಾತ್ರ ಇಲ್ಲೇ ಉಳಿಯಿತು. ತಾವೇ ಬೆನ್ನು ಮುರಿದುಕೊಂಡು ಲಾರಿಯಿಂದ ಇಳಿಸಿದ ಬೀರುವಿಗೆ, ಪಕ್ಕದಲ್ಲಿ ನಿಂತು ನೋಡಿದ ಕೂಲಿ ಸಂಘದ ನಾಲ್ವರು ‘ನೋಡಿದ ಕೂಲಿ’ ಕೇಳಿದಾಗಲೇ ಅವರ ಪ್ರಯಾಣ ಶುರುವಾಗಿತ್ತು. “ನಮ್ಮ ಇಂದೋರಿನಲ್ಲಿ ಕಸದ ಗಾಡಿ ಹಾಡು ಹಾಕ್ಕೊಂಡು ಮನೆ ಬಾಗಿಲಿಗೆ ಬರುತ್ತೆ,” ಎಂದು ಚಹಾದಂಗಡಿಯಲ್ಲಿ ಹೇಳುವರು. “ನಮ್ಮ ಇಂದೋರಿನಲ್ಲಿ ಪಕ್ಕದ ಮನೆಯವರು ನಮ್ಮನೇಲಿ ಯಾವ ಮೀನು ಅಂತ ಮೂಸೋದಿಲ್ಲ.”

“ಅಲ್ಲಿ ಮೀನೇ ಇಲ್ಲವಲ್ಲ ಮಾಷೇ, ಏನನ್ನ ಮೂಸ್ತಾರೆ?” ಎಂದು ಛತ್ರಿ ಅಂಗಡಿಯ ವರೀತ್ ಕೇಳಿದ. ಅವನು ಪಕ್ಕದ ಮನೆಯವನು, ವಾರ್ಡಿನ ಪಕ್ಷದ ಮುಖಂಡ. ಊರಿನವರು ರಘೂತ್ತಮನ್‌ರಿಗೆ ‘ಇಂದೋರ್ ಮಾಷ್’, ಅಂದರೆ ಇಂದೋರ್ ಮಾಸ್ತರ, ಎಂದು ಹೆಸರಿಟ್ಟದ್ದೂ ಅವನ ಕೃಪೆಯೇ.

ಹೀಗಿರುವಾಗ ಚೌರಾಸಿಯಾ ಫೋನ್ ಮಾಡಿದರು. “ಮಾಸ್ಟರ್‌ಜಿ, ಮೂವತ್ತು ವರ್ಷ ಕೇಳಿದ್ದಾಯ್ತು. ಈಗ ಕಣ್ಣಲ್ಲಿ ನೋಡ್ಬೇಕು. ನಾನೂ ಕುಸುಮಳೂ ಟಿಕೆಟ್ ಮಾಡಿಸಿದ್ದೀವಿ.”

ರಘೂತ್ತಮನ್ ಫೋನಿಟ್ಟು ಬೆವರಿದರು. ಹೆಂಡತಿ ವಿಲಾಸಿನಿ ಕಡುಬಿನ ಹಿಟ್ಟು ನಾದುತ್ತ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. “ಬರ್ಲಿ ಬಿಡಿ ರಘುವೇಟ್ಟಾ. ನೀವು ಹೇಳಿದ ಕೇರಳ ಎಲ್ಲಿದೆ ಅಂತ ನಾನೂ ಅವರ ಜೊತೆ ಹೋಗಿ ಹುಡುಕ್ತೀನಿ.”

ಅವರು ಬಂದಿಳಿಯುವ ಹಿಂದಿನ ಸಂಜೆ ಆರಕ್ಕೆ, ಮರುದಿನ ಹರತಾಳವೆಂದು ಘೋಷಣೆಯಾಯಿತು. ಬಸ್ಸಿಲ್ಲ, ಆಟೋ ಇಲ್ಲ, ಅಂಗಡಿ ಇಲ್ಲ. ಕಾರಣ ಏನೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ರಘೂತ್ತಮನ್ ನೇರ ವರೀತನ ಮನೆಗೆ ನುಗ್ಗಿದರು.

“ನಿನ್ನ ಪಕ್ಷದ್ದೇ ಅಲ್ವೇನೋ ಈ ಹಾಳು ಹರತಾಳ? ಬೆಳಿಗ್ಗೆ ತ್ರಿಶೂರಿನಲ್ಲಿ ಇಳೀತಾರೆ ನನ್ನ ಸ್ನೇಹಿತರು. ಹೊತ್ಕೊಂಡು ಬರ್ಲಾ?”

“ಹರತಾಳ ನಮ್ಮದೇ ಮಾಷೇ. ಅದಕ್ಕೇ ಕಾರೂ ನಮ್ಮದೇ ಬರುತ್ತೆ,” ಎಂದ ವರೀತ್ ಸಮಾಧಾನದಿಂದ. “ಹಾಲು, ಪತ್ರಿಕೆ, ಆಸ್ಪತ್ರೆ, ಮದುವೆ ಇವಕ್ಕೆ ವಿನಾಯಿತಿ. ನಿಮ್ಮವರು ಹಾಲಂತೂ ಅಲ್ಲ.”

ಬೆಳಿಗ್ಗೆ ವರೀತನ ಬಿಳಿ ಕಾರಿನ ಗಾಜಿಗೆ ‘ಮದುವೆ’ ಎಂಬ ಕಾಗದ ಅಂಟಿತ್ತು. ಅತಿಥಿಗಳ ಸ್ವಾಗತಕ್ಕೆ ವಿಲಾಸಿನಿ ಎರಡು ಮಲ್ಲಿಗೆ ಹಾರ ಕಟ್ಟಿಕೊಟ್ಟಿದ್ದಳು. ಸ್ಟೇಷನ್ನಿನಲ್ಲಿ ಹಾರ ಹಾಕಿಸಿಕೊಂಡ ಚೌರಾಸಿಯಾ ದಂಪತಿ ಅದನ್ನು ತೆಗೆಯದೆ ಹಿಂದಿನ ಸೀಟಿನಲ್ಲಿ ಕುಳಿತರು. ಖಾಲಿ ರಸ್ತೆ ನೋಡಿ ಚೌರಾಸಿಯಾ ಬೆರಗಾದರು. “ಎಷ್ಟು ಶಾಂತಿ! ಹಾರ್ನ್ ಇಲ್ಲ, ಗದ್ದಲ ಇಲ್ಲ. ದಿನಾ ಹೀಗೇನಾ?”

“ಸುಮಾರಾಗಿ,” ಎಂದರು ರಘೂತ್ತಮನ್, ಕಿಟಕಿಯಾಚೆ ನೋಡುತ್ತ.

ದಾರಿಯಲ್ಲಿ ಚೇರ್ಪು ಎಂಬ ಊರಿನ ಹತ್ತಿರ ಬಾವುಟ ಹಿಡಿದ ಹತ್ತಿಪ್ಪತ್ತು ಜನ ಕಾರು ತಡೆದರು. ಈ ಕಡೆಯ ಹುಡುಗರಿಗೆ ವರೀತನ ಪರಿಚಯವಿರಲಿಲ್ಲ. ಮುಂದಿದ್ದವನು ಒಳಗೆ ಇಣುಕಿದ. “ಮದುವೆ ಅಂತೀರಿ. ಹುಡುಗ ಹುಡುಗಿ ಎಲ್ಲಿ?”

ವರೀತ್ ಹೆಬ್ಬೆರಳಲ್ಲಿ ಹಿಂದಿನ ಸೀಟು ತೋರಿಸಿದ.

“ಇವರಾ? ಈ ವಯಸ್ಸಲ್ಲಾ?”

“ಹಿಂದಿ ಸೀಮೆಯವರು ಕಣಪ್ಪಾ,” ಎಂದ ವರೀತ್, ಸ್ವರ ತಗ್ಗಿಸಿ. “ಬೇರೆ ಬೇರೆ ಜಾತಿ. ನಲವತ್ತು ವರ್ಷ ಮನೆಯೋರು ಒಪ್ಪಲಿಲ್ಲ. ಕೊಂದೇ ಹಾಕ್ತಿದ್ರು. ಕಡೆಗೆ ಕೇರಳಕ್ಕೆ ಓಡಿಬಂದಿದ್ದಾರೆ. ಇಲ್ಲಿ ಆಗದಿದ್ರೆ ಇನ್ನೆಲ್ಲಿ ಆಗ್ಬೇಕು ಹೇಳು?”

ಮಲಯಾಳಿಯ ಎದೆಯಲ್ಲಿ ಯಾವ ಗುಂಡಿ ಒತ್ತಿದರೆ ಯಾವ ದೀಪ ಹೊತ್ತುತ್ತದೆಂದು ವರೀತನಿಗೆ ಗೊತ್ತು. ಗುಂಪಿನ ಕಣ್ಣು ಒದ್ದೆಯಾಯಿತು. “ದಾರಿ ಬಿಡ್ರೋ!” ಎಂದು ಒಬ್ಬ ಕೂಗಿದ. ಜಾತಿಪದ್ಧತಿಗೆ ಧಿಕ್ಕಾರ ಬಿತ್ತು, ಪ್ರೇಮಕ್ಕೆ ಜಯಕಾರವಾಯಿತು. ಯಾರೋ ಕಿಟಕಿಯೊಳಗೆ ಕೈ ಹಾಕಿ ಮದುಮಗನ ಕೈ ಕುಲುಕಿದರು, ಇನ್ಯಾರೋ ಫೋಟೊ ತೆಗೆದರು. ಭಾಷೆ ತಿಳಿಯದ ಚೌರಾಸಿಯಾ ಎಲ್ಲರಿಗೂ ಕೈಮುಗಿದರು. “ಮಾಸ್ಟರ್‌ಜಿ, ನೆಂಟರಿಗೆ ಇಷ್ಟೊಂದು ಗೌರವಾನಾ! ನೀವು ಹೇಳಿದ್ದು ಕಡಿಮೆಯೇ ಆಯ್ತು.”

ರಘೂತ್ತಮನ್‌ರಿಗೆ ನಾಚಿಕೆಯಿಂದ ಭೂಮಿ ಬಾಯ್ದೆರೆಯಬಾರದೇ ಅನಿಸಿತು. ಅದರ ಜೊತೆಗೇ, ಹೇಳಬಾರದು, ಎದೆ ಒಂದಿಂಚು ಉಬ್ಬಿತು ಕೂಡ.

ಮಧ್ಯಾಹ್ನದ ಹೊತ್ತಿಗೆ ಆ ಫೋಟೊ ಊರೆಲ್ಲ ತಿರುಗಿತ್ತು. ಮಹಿಳಾ ಸಂಘದ ಇಬ್ಬರು ಹೆಂಗಸರು ಮದುಮಗಳಿಗೆಂದು ಜರಿಯಂಚಿನ ಸೀರೆ ತಂದುಕೊಟ್ಟು, ಕುಸುಮಳ ಕೆನ್ನೆ ಸವರಿ ಹೋದರು. ಆಗ ವಿಲಾಸಿನಿ ಗೆಳತಿಗೆ ನಿಜ ಹೇಳಿದಳು. ಆಗಲೇ ಮೊಮ್ಮಕ್ಕಳಿರುವ ಕುಸುಮ ನಕ್ಕು ನಕ್ಕು ಸೀರೆಯಲ್ಲೇ ಕಣ್ಣೊರೆಸಿಕೊಂಡಳು, ವಾಪಸು ಕೊಡುವ ಮಾತೆತ್ತಲಿಲ್ಲ.

ಸಂಜೆ ಚೌರಾಸಿಯಾ ಮತ್ತೆ ಕೇರಳವನ್ನು ಹೊಗಳತೊಡಗಿದಾಗ ರಘೂತ್ತಮನ್‌ರಿಗೆ ತಡೆಯಲಾಗಲಿಲ್ಲ. “ಸಾಕು ಮಾಡಿ ಚೌರಾಸಿಯಾಜಿ. ಅದು ಶಾಂತಿಯಲ್ಲ, ಬಂದ್. ಇಲ್ಲಿ ಒಂದು ಮೊಳೆ ಹೊಡೀಬೇಕಾದ್ರೂ ಮೂರು ಸಂಘದ ಒಪ್ಪಿಗೆ ಬೇಕು. ಓದಿದೋರೇ ಎಲ್ಲ, ಅದಕ್ಕೇ ಯಾರೂ ಯಾರ ಮಾತೂ ಕೇಳೋಲ್ಲ.” ಅರ್ಧ ಗಂಟೆ ಬೈದರು. ಚೌರಾಸಿಯಾ ಕೇಳಿ ಕೇಳಿ, ಸಾಂತ್ವನ ಹೇಳುವವರಂತೆ, “ನಿಜ ಮಾಸ್ಟರ್‌ಜಿ. ಅನ್ನವೂ ಅಷ್ಟೇ, ಹುಳುವಿನಷ್ಟು ದಪ್ಪ. ಎಲ್ಲದಕ್ಕೂ ತಲೆಗೆ ಹಚ್ಚೋ ಎಣ್ಣೆ,” ಎಂದರು.

ರಘೂತ್ತಮನ್ ಎದ್ದು ನಿಂತರು. “ಹುಳುನಾ? ಆ ಅನ್ನ ತಿಂದೇ ಇಲ್ಲಿ ಜನ ತೊಂಬತ್ತು ವರ್ಷ ಬದುಕೋದು! ಬೆಳಿಗ್ಗೆ ಎದ್ದು ಜಿಲೇಬಿ ತಿನ್ನೋ ನಿಮಗೇನ್ರೀ ಗೊತ್ತು ಅನ್ನದ ರುಚಿ?”

“ಈ ಮುಖ ನನಗೆ ಗೊತ್ತು,” ಎಂದು ಚೌರಾಸಿಯಾ ಚಪ್ಪಾಳೆ ತಟ್ಟಿದರು. “ಇಷ್ಟು ಹೊತ್ತು ಯಾರ ಮನೇಲಿ ಇದ್ದೀನೋ ಅಂತ ಗಾಬರಿಯಾಗಿತ್ತು!”

ಹತ್ತನೆಯ ದಿನ ಸ್ಟೇಷನ್ನಿನಲ್ಲಿ ಚೌರಾಸಿಯಾ ಅವರನ್ನು ಪಕ್ಕಕ್ಕೆ ಕರೆದರು. “ನಮ್ಮ ಕೆಳಗಿನ ಮನೆ ಖಾಲಿಯಿದೆ. ಬಂದುಬಿಡಿ.” ರಘೂತ್ತಮನ್ ಅವರ ಚೀಲವನ್ನು ಬೋಗಿಯೊಳಗೆ ಎತ್ತಿಟ್ಟರು. ರೈಲು ಹೋಯಿತು.

ಹೊರಗೆ ಬಂದರೆ, ತಮ್ಮ ಸರದಿಯ ಆಟೋವನ್ನು ಚಾಲಕ ಬೇರೆಯವರಿಗೆ ಕೊಟ್ಟ. ಜಗಳ ಹತ್ತಿಕೊಂಡಿತು. ಅವನ ಅಪ್ಪನಿಂದ ಹಿಡಿದು ಆಟೋದ ಚಕ್ರದವರೆಗೆ ರಘೂತ್ತಮನ್ ಏನೊಂದನ್ನೂ ಬಿಡಲಿಲ್ಲ; ಅವನೂ ಕಡಿಮೆಯಿಲ್ಲದಂತೆ ಹಿಂದಿರುಗಿಸಿದ. ಸುತ್ತ ಜನ ಸೇರಿ ಒಳ್ಳೆಯ ಬೈಗುಳಕ್ಕೆ ತಲೆದೂಗಿದರು. ಮೂವತ್ತೆರಡು ವರ್ಷ ಇಂದೋರಿನಲ್ಲಿ ಅವರಿಗೆ ಒಂದು ಜಗಳವನ್ನೂ ಗೆಲ್ಲಲು ಆಗಿರಲಿಲ್ಲ. ಸಿಟ್ಟು ಏರಿದಾಗ ಹಿಂದಿಯ ಗಂಡು ಹೆಣ್ಣು ತಪ್ಪಿ, ಎದುರಿನವನು ನಕ್ಕುಬಿಡುತ್ತಿದ್ದ.

ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದರು. ಗಂಟಲು ಕಟ್ಟಿತ್ತು, ಮುಖ ಕೆಂಪೇರಿತ್ತು. ವಿಲಾಸಿನಿ ಹಣೆ ಮುಟ್ಟಿ ನೋಡಿ, “ಜ್ವರವೇ?” ಎಂದಳು.

“ಇಲ್ಲ. ಬೈದು ಬಂದೆ,” ಎಂದರು ರಘೂತ್ತಮನ್. “ಹೊಟ್ಟೆ ಹಸೀತಿದೆ. ಆ ದಪ್ಪ ಅನ್ನ ಇದ್ರೆ ಹಾಕು.”